ನೀರೊಳಗೆ ಹೊಳೆದ ಬೆಣಚು ಕಲ್ಲು

ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಹಾಕಿಸಬೇಕೆಂದು ನನ್ನ ಹೆಂಡತಿ ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಳು. ನಾನೂ ಅಷ್ಟೇ ವರ್ಷಗಳಿಂದ "ಬೇಸಿಗೆ ರಜ ಬರಲಿ" ಎನ್ನುತ್ತಿದ್ದೆ. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ವರ್ಷವೆಲ್ಲ ರಜವೇ ಆದ್ದರಿಂದ ಆ ನೆಪ ನಡೆಯದೆ ಹೋಯಿತು. ಹೀಗಾಗಿ ಕಳೆದ ತಿಂಗಳು ಅರಸೀಕೆರೆಯ ನಮ್ಮ ಮನೆಯ ಮುಂದೆ ಮೇಸ್ತ್ರಿ ನಾಗರಾಜ ಕಲ್ಲು ಕೊಯ್ಯುವ ಮಷೀನು ಹಿಡಿದು ಕೂತ. ತೆಂಗಿನ ಮರದ ಬುಡ, ತುಳಸಿ ಕಟ್ಟೆ, ನನ್ನ ದಿನಪತ್ರಿಕೆ, ಎಲ್ಲದರ ಮೇಲೂ ಕಲ್ಲಿನ ಪುಡಿ.

ಕಲ್ಲು ಕೊಯ್ಯುವಾಗ ಒಂದು ವಾಸನೆ ಬರುತ್ತದೆ. ನಿಮಗೂ ಗೊತ್ತಿರಬಹುದು. ಸೀದ ಅನ್ನದ್ದಲ್ಲ, ಸುಟ್ಟ ಕೂದಲಿನದಲ್ಲ, ಪಟಾಕಿಯದೂ ಅಲ್ಲ. ಮೂರಕ್ಕೂ ದೂರದ ನಂಟು ಇರುವಂಥದ್ದು. ನಾಗರಾಜ ಮಷೀನು ನಿಲ್ಲಿಸಿ, ಮೂಗಿಗೆ ಕಟ್ಟಿದ್ದ ಟವಲು ಸರಿಸಿ ಕೇಳಿದ: "ಸಾರ್, ನೀವು ಸೈನ್ಸ್ ಮೇಷ್ಟ್ರಂತೆ. ಕಲ್ಲಿಗ್ಯಾಕೆ ಈ ವಾಸ್ನೆ ಬತ್ತದೆ? ಇಷ್ಟು ವರ್ಷದಿಂದ ಕೊಯ್ತಿದೀನಿ, ಯಾರೂ ಹೇಳಿಲ್ಲ."

ಮೇಷ್ಟರನ್ನು ಪ್ರಶ್ನೆ ಕೇಳುವುದು, ನಲ್ಲಿ ತಿರುಗಿಸುವುದು ಎರಡೂ ಒಂದೇ. "ಘರ್ಷಣೆಯಿಂದ ಶಾಖ ಕಣಪ್ಪ, ಶಾಖದಿಂದ ಕಿಡಿ, ಕಿಡಿಯಿಂದ ಸುಟ್ಟ ವಾಸನೆ. ಅಷ್ಟೇ," ಎಂದೆ. ಅವನು "ಓಹೋ" ಎಂದು ತೃಪ್ತಿಯಿಂದ ಮತ್ತೆ ಮಷೀನು ಹಚ್ಚಿದ. ನಾನು ಜಗುಲಿಯ ಕಡೆ ನಾಲ್ಕು ಹೆಜ್ಜೆ ಇಟ್ಟೆ. ಐದನೆಯದನ್ನು ಇಡಲಾಗಲಿಲ್ಲ. ಈ ಮಾತನ್ನೇ ನಾನು ಹಿಂದೊಮ್ಮೆ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಆಗಲೂ ಅದು ತಪ್ಪಾಗಿತ್ತು.

ಮೂವತ್ತು ವರ್ಷ ದಾಟಿದ ಮಾತು ಇದು. ಹಳೇಬೀಡಿನ ಹತ್ತಿರದ ಒಂದು ಪ್ರೌಢಶಾಲೆಗೆ ನನ್ನನ್ನು ವಿಜ್ಞಾನದ ಮೇಷ್ಟರಾಗಿ ಹಾಕಿದ್ದರು. ಬಿ.ಎಡ್. ಮುಗಿಸಿ ಬಂದವನ ಜೇಬಿನಲ್ಲಿ ಎರಡು ಪೆನ್ನುಗಳಿದ್ದವು, ಒಂದು ನೀಲಿ, ಇನ್ನೊಂದು ಕೆಂಪು. ನೀಲಿಯ ಶಾಯಿ ತಿಂಗಳಾದರೂ ಮುಗಿಯುತ್ತಿರಲಿಲ್ಲ. ಕೆಂಪಿಗೆ ವಾರಕ್ಕೊಮ್ಮೆ ರೀಫಿಲ್ ಬೇಕಾಗುತ್ತಿತ್ತು. ಊರಿನವರು ಬಾವಿ ತೋಡುವ ಮೊದಲು ನೀರೆಷ್ಟು ಆಳದಲ್ಲಿದೆ ಎಂದು ನನ್ನನ್ನು ಕೇಳುತ್ತಿದ್ದರು, ನಾನು ಹೇಳಿಯೂ ಬಿಡುತ್ತಿದ್ದೆ. ಒಮ್ಮೆ ನನ್ನ ಲೆಕ್ಕ ನಿಜವೂ ಆಯಿತು. ಅದೇ ಕೇಡಾಯಿತೆಂದು ಈಗ ಅನ್ನಿಸುತ್ತದೆ, ಯಾಕೆಂದರೆ ಅಲ್ಲಿಂದ ಮುಂದೆ ನನ್ನ ಜಂಬಕ್ಕೆ ಲಗಾಮೇ ಇರಲಿಲ್ಲ.

ಒಂಬತ್ತನೇ ತರಗತಿಯಲ್ಲಿ ಗಿರಿಜಾ ಎಂಬ ಹುಡುಗಿ ಇದ್ದಳು. ಹುಲಿಕೆರೆಯಿಂದ ನಡೆದು ಬರುತ್ತಿದ್ದಳು. ಅಪ್ಪ ಇರಲಿಲ್ಲ, ಅವ್ವ ಸಣ್ಣಮ್ಮ ಎರಡು ಎಮ್ಮೆ, ಒಂದಿಷ್ಟು ರಾಗಿ ಹೊಲ ನೋಡಿಕೊಂಡಿದ್ದಳು. ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳಿಂದ ಮಾದರಿ ಮಾಡಿಸಬೇಕೆಂದು ಸುತ್ತೋಲೆ ಬಂದಾಗ ಉಳಿದವರೆಲ್ಲ ರಟ್ಟು, ತಂತಿ, ಬ್ಯಾಟರಿ ಸೆಲ್ಲು ಹುಡುಕುತ್ತಿದ್ದರೆ ಈ ಹುಡುಗಿ ಲಂಗದ ಮಡಿಲಲ್ಲಿ ಎರಡು ಬೆಣಚು ಕಲ್ಲು ತಂದಳು.

ಬೆಣಚು ಕಲ್ಲಿನ ಬಗ್ಗೆ ಒಂದೆರಡು ಮಾತು ಹೇಳಲೇಬೇಕು, ತಾಳ್ಮೆ ಇರಲಿ. ನಮ್ಮ ಸೀಮೆಯವರಿಗೆ ಕಲ್ಲೆಂದರೆ ಬಳಪದ ಕಲ್ಲು. ಬೇಲೂರು ಹಳೇಬೀಡಿನ ಹೆಸರು ನಿಂತಿರುವುದೇ ಅದರ ಮೇಲೆ. ಮೆತ್ತಗಿನ ಕಲ್ಲು, ಉಗುರು ತಾಗಿದರೂ ಗೀರು ಬೀಳುತ್ತದೆ, ಉಳಿ ಹೇಳಿದ ಹಾಗೆ ಕೇಳುತ್ತದೆ. ಬೆಣಚು ಹಾಗಲ್ಲ, ಗಾಜಿನಷ್ಟು ಗಡುಸಾದ ಬಿಳಿ ಕಲ್ಲು. ನೇಗಿಲಿಗೆ ಅಡ್ಡ ಬರುತ್ತದೆ, ರೈತ ಬೈದು ಬದುವಿಗೆ ಎಸೆಯುತ್ತಾನೆ, ಮುಂದಿನ ವರ್ಷ ಮತ್ತೊಂದು ಮೇಲೆದ್ದಿರುತ್ತದೆ. ಎರಡೂ ಸಿಲಿಕೇಟ್ ಎಂಬ ಒಂದೇ ದೊಡ್ಡ ಮನೆತನದವು ಎಂದರೆ ನಂಬುವುದು ಕಷ್ಟ. ಬಳಪದ ಕಲ್ಲನ್ನು ಕತ್ತಲೆಯಲ್ಲಿ ಎಷ್ಟು ಉಜ್ಜಿದರೂ ಕೈಗೆ ಪುಡಿ ಹತ್ತುತ್ತದೆ, ಅಷ್ಟೇ. ಬೆಣಚನ್ನು ಬೆಣಚಿಗೆ ಉಜ್ಜಿದರೆ ಕಲ್ಲಿನ ಹೊಟ್ಟೆಯೊಳಗೆ ಕಿತ್ತಳೆ ಬಣ್ಣದ ಬೆಳಕು ಮಿನುಗಿ ಹೋಗುತ್ತದೆ, ಜೊತೆಗೆ ಆ ವಾಸನೆ.

ಶಾಲೆಯ ಉಗ್ರಾಣದ ಕಿಟಕಿಗೆ ಗೋಣಿತಾಟು ಕಟ್ಟಿ ಹಗಲಲ್ಲೇ ಕತ್ತಲು ಮಾಡಿ ಗಿರಿಜಾ ಇದನ್ನು ತೋರಿಸಿದಳು. ತರಗತಿಯೆಲ್ಲ "ಅಯ್ಯೋ" ಎಂದಿತು. ನನಗೂ ಹಾಗೆನ್ನಬೇಕೆನಿಸಿತು, ಆದರೆ ಮೇಷ್ಟರಾದವರು ಹಾಗೆಲ್ಲ ಅನ್ನುವಂತಿರಲಿಲ್ಲ.

"ಇದು ಬೆಂಕಿ ಅಲ್ಲ ಸಾರ್," ಎಂದಳು. "ನೀರಲ್ಲೂ ಬತ್ತದೆ. ನಮ್ಮವ್ವ ದನಕ್ಕೆ ನೀರಿಡೋ ಬಾನೀಲಿ ತೋರ್ಸವ್ಳೆ."

"ನೀರಲ್ಲಿ ಬೆಂಕಿ ಹತ್ತುತ್ತೇನೇ?" ಎಂದು ನಾನು ನಕ್ಕೆ. ತರಗತಿಯೂ ನಕ್ಕಿತು.

"ಅದ್ಕೇ ಸಾರ್ ಬೆಂಕಿ ಅಲ್ಲ ಅಂತಿರೋದು."

ಈಗ ನೆನೆದರೆ, ನನ್ನ ಸೇವಾವಧಿಯಲ್ಲಿ ಅಷ್ಟು ಚೊಕ್ಕವಾದ ತರ್ಕವನ್ನು ಇನ್ಯಾವ ವಿದ್ಯಾರ್ಥಿಯ ಬಾಯಲ್ಲೂ ನಾನು ಕೇಳಲಿಲ್ಲ. ಅಂದು ಅದು ಎದುರುತ್ತರವಾಗಿ ಕೇಳಿಸಿತು.

ನಮ್ಮಲ್ಲೊಂದು ಪದ್ಧತಿ ಇತ್ತು. ಮಕ್ಕಳು ಮೊದಲು ಕಚ್ಚಾ ಹಾಳೆಯಲ್ಲಿ ಬರೆದು ತರಬೇಕು. ಮೇಷ್ಟರು ಕೆಂಪು ಶಾಯಿಯಲ್ಲಿ ತಿದ್ದಿ ಸಹಿ ಹಾಕಬೇಕು. ಆಮೇಲೆ ಅದನ್ನು ಅಕ್ಷರ ತಪ್ಪದಂತೆ ದೊಡ್ಡ ಡ್ರಾಯಿಂಗ್ ಶೀಟಿಗೆ ಇಳಿಸಬೇಕು. ಗಿರಿಜಾ ಬರೆದು ತಂದದ್ದು ಮೂರೇ ಸಾಲು. "ಎರಡು ಬೆಣಚು ಕಲ್ಲುಗಳನ್ನು ಕತ್ತಲೆಯಲ್ಲಿ ಉಜ್ಜಿದರೆ ಬೆಳಕು ಬರುತ್ತದೆ. ಇದು ಬೆಂಕಿ ಅಲ್ಲ. ನೀರಿನಲ್ಲಿ ಮುಳುಗಿಸಿ ಉಜ್ಜಿದರೂ ಬರುತ್ತದೆ." ಪಾಠದ ಪುಸ್ತಕದಲ್ಲಿ ಆದಿಮಾನವ ಕಲ್ಲು ಉಜ್ಜಿ ಬೆಂಕಿ ಮಾಡುತ್ತಿರುವ ಚಿತ್ರವಿತ್ತು. ಆ ಚಿತ್ರದ ಮೇಲೆ ನನಗಿದ್ದ ನಂಬಿಕೆ ಅಗಾಧವಾದದ್ದು. ಕೊನೆಯ ಎರಡು ಸಾಲು ಹೊಡೆದುಹಾಕಿ, "ಘರ್ಷಣೆಯಿಂದ ಶಾಖ, ಶಾಖದಿಂದ ಕಿಡಿ. ಆದಿಮಾನವ ಹೀಗೆಯೇ ಬೆಂಕಿ ಕಂಡುಹಿಡಿದ" ಎಂದು ಬರೆದು ಸಹಿ ಹಾಕಿದೆ. ಪಕ್ಕದಲ್ಲೇ ಕುಡಿಯುವ ನೀರಿನ ಕೊಳಗವಿತ್ತು. ಎರಡು ಕಲ್ಲನ್ನು ಅದರೊಳಗೆ ಅದ್ದಿ ನೋಡಲು ಒಂದು ನಿಮಿಷ ಸಾಕಿತ್ತು.

ಗಿರಿಜಾ ಹಾಳೆಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. "ಆಯ್ತು ಸಾರ್," ಎಂದು ನಾನು ಬರೆದದ್ದನ್ನೇ ಗುಂಡಗಿನ ಅಕ್ಷರದಲ್ಲಿ ಇಳಿಸಿಕೊಂಡು ಬಂದಳು. ಕಚ್ಚಾ ಹಾಳೆ ನನ್ನ ಬಳಿ ಉಳಿಯಿತು.

ಪ್ರದರ್ಶನ ಬೇಲೂರಿನಲ್ಲಿ. ಆಯ್ಕೆಯಾದವರು ಜಿಲ್ಲಾ ಮಟ್ಟಕ್ಕೆ ಹಾಸನಕ್ಕೆ ಹೋಗಬೇಕಿತ್ತು. ಗಿರಿಜಾ ಹಾಸನ ನೋಡಿರಲಿಲ್ಲ. ಹೋಗುವುದಾದರೆ ಇರಲೆಂದು ಚಿಕ್ಕಮ್ಮನ ಚಪ್ಪಲಿಯನ್ನು ಮೊದಲೇ ಕೇಳಿ ಇಟ್ಟುಕೊಂಡಿದ್ದಾಳೆಂದು ಅವಳ ಗೆಳತಿಯರು ಬಸ್ಸಿನಲ್ಲಿ ಚುಡಾಯಿಸುತ್ತಿದ್ದರು. ಮೇಜಿನ ಕೆಳಗೆ ಕರಿ ಬಟ್ಟೆ ಇಳಿಬಿಟ್ಟು ಕತ್ತಲೆ ಮಾಡಿದ್ದೆವು. ಬಗ್ಗಿ ನೋಡಲು ಜನ ಸಾಲು ನಿಂತರು. ನಾನು ಪಕ್ಕದ ಮೇಜಿನಲ್ಲಿ ನಮ್ಮ ಶಾಲೆಯದೇ ಇನ್ನೊಂದು ಮಾದರಿಯಾದ ವಿದ್ಯುತ್ ಗಂಟೆಯ ಹತ್ತಿರ ನಿಂತು, ಇದೆಲ್ಲ ನನ್ನಿಂದಲೇ ಆಯಿತೆಂಬ ಮುಖ ಮಾಡಿಕೊಂಡಿದ್ದೆ.

ತೀರ್ಪುಗಾರರಾಗಿ ಬಂದಿದ್ದವರು ಕಾಲೇಜಿನ ಹಿರಿಯ ಅಧ್ಯಾಪಕರು. ಬಗ್ಗಿ ಬೆಳಕನ್ನು ನೋಡಿದರು, ಎದ್ದು ಹಾಳೆ ಓದಿದರು. ಜೇಬಿನಿಂದ ಒಂದು ಚೂರು ಹತ್ತಿ ತೆಗೆದು ಮೇಜಿನ ಮೇಲಿಟ್ಟರು. "ಕಿಡಿ ಅಂತ ಬರೆದಿದ್ದೀಯಲ್ಲ ಮಗು. ಇದನ್ನ ಹೊತ್ತಿಸು, ನೋಡೋಣ."

ಗಿರಿಜಾ ಉಜ್ಜಿದಳು. ಬೆಳಕು ಬಂತು, ಹತ್ತಿ ಬೆಳ್ಳಗೇ ಇತ್ತು. ಇನ್ನೂ ಉಜ್ಜಿದಳು. ಬೆರಳ ಗಂಟು ತರಚಿತು. ಸುತ್ತ ಜನ ಸೇರಿದರು.

"ಕಿಡಿ ಅಂತ ಯಾರಮ್ಮ ಹೇಳಿದ್ದು?" ಎಂದರು ಅವರು.

ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು. ನಾನು ಒಂದು ಮಾರು ದೂರದಲ್ಲಿದ್ದೆ. ಸರಿಯಾಗಿಯೇ ಬಾರಿಸುತ್ತಿದ್ದ ಗಂಟೆಯ ತಂತಿಯನ್ನು ಕಿತ್ತು ಮತ್ತೆ ಜೋಡಿಸತೊಡಗಿದೆ.

"ನಾನೇ ಬರ್ದಿದ್ದು ಸಾರ್," ಎಂದಳು ಗಿರಿಜಾ.

"ಪರೀಕ್ಷೆ ಮಾಡದೆ ಏನನ್ನೂ ಬರೀಬಾರ್ದು," ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿ ಮುಂದಿನ ಮೇಜಿಗೆ ಹೋದರು. ಹಾಸನಕ್ಕೆ ವಿದ್ಯುತ್ ಗಂಟೆ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಆ ಎರಡು ಕಲ್ಲುಗಳನ್ನು ನನ್ನ ಕೈಗೆ ಕೊಟ್ಟು, "ಶಾಲೇಲಿರ್ಲಿ ಸಾರ್," ಎಂದು ಕಿಟಕಿಯ ಕಡೆ ತಿರುಗಿ ಕೂತಳು.

ಇಲ್ಲಿಗೆ ನಿಲ್ಲಿಸಿದರೆ ಇದು ಒಬ್ಬ ಎಳೆಯ ಮೇಷ್ಟರ ತಪ್ಪು, ಅಷ್ಟೇ. ತಿಳಿಯದೆ ಮಾಡಿದ್ದು ಎಂದು ನೀವು ಬಿಟ್ಟುಬಿಡಬಹುದು. ಆದರೆ ಆ ಭಾನುವಾರ ಹಳೇಬೀಡಿನ ನನ್ನ ಬಾಡಿಗೆ ಕೋಣೆಯ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಿಟಕಿಯಿಲ್ಲದ ಬಚ್ಚಲು. ಬಕೆಟ್ಟಿನ ನೀರಿನಲ್ಲಿ ಎರಡೂ ಕೈ ಮುಳುಗಿಸಿ ಕಲ್ಲಿಗೆ ಕಲ್ಲು ಉಜ್ಜಿದೆ. ನೀರೊಳಗೆ ಯಾರೋ ಬೀಡಿ ಎಳೆದ ಹಾಗೆ ಕೆಂಡದ ಬಣ್ಣದ ಬೆಳಕು ಹೊಳೆದು ಆರಿತು. ಮತ್ತೆ ಉಜ್ಜಿದೆ, ಮತ್ತೆ ಹೊಳೆಯಿತು. ನೀರು ತಣ್ಣಗೇ ಇತ್ತು. ನನ್ನ ಕಿವಿ ಬಿಸಿಯಾಗಿತ್ತು.

ಸೋಮವಾರ ತರಗತಿಗೆ ಹೋದೆ. ಗಿರಿಜಾ ಎರಡನೇ ಬೆಂಚಿನಲ್ಲಿದ್ದಳು. ಹಾಜರಿ ಕೂಗಿದೆ. ಹೇಳಿಬಿಡಬೇಕೆಂದು ಬಾಯಿ ತೆರೆದೆ, ಮಸೂರಗಳ ಪಾಠ ಶುರುಮಾಡಿದೆ. ಮಂಗಳವಾರ ಹೇಳೋಣವೆಂದುಕೊಂಡೆ. ಮಂಗಳವಾರಗಳು ಹೇಗೆ ಕಳೆಯುತ್ತವೆಂದು ನಿಮಗೆ ಗೊತ್ತು. ಅವಳು ಹತ್ತನೇ ತರಗತಿ ಮುಗಿಸಿದಳು, ನನಗೆ ವರ್ಗವಾಯಿತು, ಟ್ರಂಕಿನ ತಳದಲ್ಲಿ ಆ ಕಚ್ಚಾ ಹಾಳೆಯೂ ಎರಡು ಕಲ್ಲುಗಳೂ ನನ್ನ ಜೊತೆ ಊರೂರು ತಿರುಗಿದವು. ಎಸೆಯಲು ಧೈರ್ಯ ಬರಲಿಲ್ಲ.

ಆಮೇಲೆ ಆ ಬೆಳಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಸಿಲಿಕೇಟ್ ಮನೆತನದಲ್ಲಿ ಎಂಥೆಂಥ ಸದಸ್ಯರಿದ್ದಾರೆ ಗೊತ್ತೇ? ಕಣ್ಣಿಗೆ ಕಾಣದ ನೇರಳಾತೀತ ಕಿರಣ ಬಿದ್ದರೆ ಹಸಿರಾಗಿ ಉರಿದಂತೆ ಕಾಣುವವು, ದೀಪ ಆರಿಸಿದ ಮೇಲೂ ಕೊಂಚ ಹೊತ್ತು ಮಿನುಗುವವು, ಸುಮ್ಮನೆ ಕಾಸಿದರೆ ಹಳೆಯ ಕಾಲದಿಂದ ಕೂಡಿಟ್ಟುಕೊಂಡ ಬೆಳಕನ್ನು ಬಿಟ್ಟುಕೊಡುವವು. ನಮ್ಮ ಬೆಣಚು ಉಜ್ಜಿದರೆ, ಮುರಿದರೆ ಬೆಳಗುತ್ತದೆ. ಅದು ಉರಿಯಲ್ಲ, ಅದಕ್ಕೆ ಗಾಳಿ ಬೇಕಿಲ್ಲ. ಬಿಸಿಯ ಪಾಲೆಷ್ಟು, ಕಲ್ಲು ಬಿರಿಯುವಾಗ ಹುಟ್ಟುವ ವಿದ್ಯುತ್ತಿನ ಪಾಲೆಷ್ಟು ಎಂಬ ಚರ್ಚೆ ಬಲ್ಲವರಲ್ಲೇ ಪೂರ್ತಿ ಮುಗಿದಿಲ್ಲವಂತೆ. ಬಲ್ಲವರಿಗೇ ಸಂಶಯವಿರುವಲ್ಲಿ ನಾನು ಕೆಂಪು ಶಾಯಿಯಲ್ಲಿ ಸಹಿ ಹಾಕಿದ್ದೆ.

ಗಿರಿಜಾ ಹಗರೆಗೆ ಮದುವೆಯಾಗಿ ಹೋಗಿದ್ದು, ಅಲ್ಲಿನ ಹಾಲಿನ ಸಂಘದಲ್ಲಿ ಕೆಲಸಕ್ಕಿರುವುದು ನನಗೆ ಹತ್ತು ವರ್ಷದಿಂದ ಗೊತ್ತು. ಹಾಸನ ಬೇಲೂರಿನ ನಡುವೆ ಬಸ್ಸಿನಲ್ಲಿ ಹೋಗುವಾಗ ಹಗರೆ ಬಂತೆಂದರೆ ನನಗೆ ನಿದ್ದೆ ಬರುತ್ತಿತ್ತು. ಕಣ್ಣು ಮುಚ್ಚಿಕೊಂಡವನಿಗೆ ಬರುವ ನಿದ್ದೆ ಅದು.

ನಾಗರಾಜನಿಗೆ ಆ ಉತ್ತರ ಕೊಟ್ಟ ದಿನ ಮಾತ್ರ ನನಗೆ ನನ್ನ ಮೇಲೇ ರೇಗಿಹೋಯಿತು. ಟ್ರಂಕು ಎಳೆದು ಹಾಳೆಯನ್ನೂ ಕಲ್ಲುಗಳನ್ನೂ ಚೀಲಕ್ಕೆ ಹಾಕಿಕೊಂಡೆ. "ಎಲ್ಲಿಗ್ರೀ, ಕಲ್ಲು ಕೂರ್ಸೋ ಹೊತ್ತಲ್ಲಿ?" ಎಂದಳು ಹೆಂಡತಿ. "ಹಗರೆಗೆ, ಒಂದು ಉತ್ತರ ತಿದ್ದೋದಿದೆ," ಎಂದೆ. "ಪೆನ್ಶನ್ ಬಂದ್ಮೇಲೂ ತಿದ್ದೋದು ಬಿಡಲಿಲ್ಲವಲ್ಲ," ಎಂದು ಗೊಣಗಿಕೊಂಡೇ ಕೊಡೆ ಕೊಟ್ಟಳು.

ಹಳೇಬೀಡಿನಲ್ಲಿ ಬಸ್ಸು ಬದಲಿಸಿ ಹಗರೆಯಲ್ಲಿ ಇಳಿದಾಗ ಸಂಜೆಯ ಹಾಲಿನ ಹೊತ್ತು. ಕ್ಯಾನು ಹಿಡಿದ ಹತ್ತು ಹನ್ನೆರಡು ಮಂದಿ ಸಾಲಾಗಿ ನಿಂತಿದ್ದರು. ಕಿಟಕಿಯ ಆಚೆ ಗಿರಿಜಾ ಒಂದೊಂದೇ ಕ್ಯಾನಿನ ಹಾಲು ತೆಗೆದು ಮಷೀನಿಗೆ ಹಿಡಿದು ಜಿಡ್ಡು ಎಷ್ಟೆಂದು ಬರೆದುಕೊಳ್ಳುತ್ತಿದ್ದಳು. ಕೂದಲಲ್ಲಿ ಬಿಳಿ, ಮೂಗಿನ ಮೇಲೆ ಕನ್ನಡಕ. ಸಾಲಿನ ಮುಂದಿದ್ದ ಮುದುಕರೊಬ್ಬರು, "ಒಂದು ಚೂರು ಜಾಸ್ತಿ ಬರ್ಕೊಳವ್ವ, ಎಮ್ಮೆ ಹೊಸದಾಗಿ ಕರ ಹಾಕೈತೆ," ಎನ್ನುತ್ತಿದ್ದರು.

"ಮಷೀನ್ ತೋರ್ಸಿದ್ದೇ ಬರೆಯೋದು ತಾತ. ನೋಡ್ದೆ ನಾನು ಬರೆಯಲ್ಲ," ಎಂದಳು ಗಿರಿಜಾ. ಅಷ್ಟರಲ್ಲಿ ನನ್ನನ್ನು ಕಂಡಳು. "ಸಾರ್, ನೀವಾ? ಒಳಗ್ ಬನ್ನಿ, ಕೂತ್ಕಳಿ."

ಕೂತೆ. ಕೆಲಸದ ನಡುವೆಯೇ ಮನೆ ಮಂದಿಯನ್ನೆಲ್ಲ ವಿಚಾರಿಸಿದಳು. ನಾನು ಹಾಳೆ ಬಿಡಿಸಿ ಮೇಜಿನ ಮೇಲಿಟ್ಟೆ. ಮಡಿಕೆಗಳಲ್ಲಿ ಹರಿದಿತ್ತು, ಕೆಂಪು ಶಾಯಿ ಮಾತ್ರ ಹಾಗೇ ಇತ್ತು. ತನ್ನ ಅಕ್ಷರ ನೋಡಿ ಅವಳಿಗೆ ನಗು ಬಂತು. "ಅಯ್ಯ, ಇದಿನ್ನೂ ಇಟ್ಕೊಂಡಿದೀರಾ ಸಾರ್?"

"ಗಿರಿಜಾ, ನೀನು ಬರೆದದ್ದು ಸರಿ, ನಾನು ತಿದ್ದಿದ್ದು ತಪ್ಪು," ಎಂದೆ.

"ಗೊತ್ತು ಬಿಡಿ ಸಾರ್. ಪುಸ್ತಕದಲ್ಲಿ ಹಂಗಿತ್ತು, ನೀವ್ ಹಂಗ್ ಬರುದ್ರಿ. ಹಳೇ ಮಾತು."

ಇಲ್ಲಿಗೆ ಎದ್ದು ಬರಬಹುದಿತ್ತು. ಆಸೆಯೂ ಆಯಿತು. "ಅಷ್ಟೇ ಅಲ್ಲಮ್ಮ," ಎಂದೆ. "ಆ ಭಾನುವಾರವೇ ನಾನು ನೀರಿನಲ್ಲಿ ಉಜ್ಜಿ ನೋಡಿದೆ. ಬೆಳಕು ಬಂತು. ಸೋಮವಾರ ತರಗತಿಗೆ ಬಂದವನು ನಿನಗೆ ಹೇಳಲಿಲ್ಲ."

ಗಿರಿಜಾಳ ಕೈ ನಿಂತಿತು. ಮಷೀನಿನಲ್ಲಿ ಅಂಕಿ ಮೂಡಿ ಕಾಯುತ್ತಿತ್ತು. ಅದನ್ನು ಬರೆದುಕೊಂಡಳು, ಕ್ಯಾನು ವಾಪಸು ಕೊಟ್ಟಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಇದು ನಂಗೆ ಗೊತ್ತಿರ್ಲಿಲ್ಲ ಸಾರ್," ಎಂದಳು. ಕನ್ನಡಕ ಮತ್ತೆ ಹಾಕಿಕೊಂಡಳು. "ನಮ್ಮವ್ವ ಇರೋ ತಂಕ ಕೇಳ್ತಿದ್ಲು. ನಿಮ್ಮೇಷ್ಟ್ರು ಒಂದ್ಸಲನಾದ್ರೂ ನೀರಲ್ಲಿ ಉಜ್ಜಿ ನೋಡಿದ್ರೇನೇ ಅಂತ. ನಾನೇನಂತಿದ್ದೆ ಗೊತ್ತಾ? ಇಲ್ಲ ಕಣವ್ವ, ನೋಡಿರಾಕಿಲ್ಲ. ನೋಡಿದ್ರೆ ನಮ್ಮ ಸಾರು ಹೇಳ್ದೆ ಇರ್ತಿರ್ಲಿಲ್ಲ ಅಂತಿದ್ದೆ."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಅದಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅವಳು ಇಷ್ಟು ವರ್ಷ ನನ್ನ ಪರವಾಗಿ ತನ್ನ ಅವ್ವನ ಎದುರು ವಾದಿಸಿದ್ದಳು. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತೆಂದು ಹೇಳಿಕೊಳ್ಳಲು ನನಗೆ ಈಗ ಸಂಕೋಚವಿಲ್ಲ.

"ಅವ್ವನಿಗೆ ಹೇಳಾಕಾಗಕಿಲ್ಲ, ಹೋಗ್ಬುಟ್ಲು," ಎಂದಳು ಗಿರಿಜಾ. ಅವಳ ದನಿ ಗಟ್ಟಿಯಾಗಿತ್ತು. "ಇವ್ರಿಗೆ ಹೇಳಿ ಸಾರ್. ಅವತ್ತು ಎಲ್ರ ಮುಂದೆ ನಿಂತಿದ್ದೋಳು ನಾನು. ಇವತ್ತು ನೀವು ನಿಂತ್ಕಳಿ."

ಎದ್ದು ಕಿಟಕಿಯ ಹತ್ತಿರ ನಿಂತೆ. ಕ್ಯಾನು ಹಿಡಿದವರೆಲ್ಲ ನನ್ನನ್ನೇ ನೋಡಿದರು. ಸಾವಿರಾರು ಪಾಠ ಮಾಡಿದವನು ನಾನು; ಅತಿ ಚಿಕ್ಕ ಪಾಠ ಅದು. "ಈ ಗಿರಿಜಾ ಒಂಬತ್ತನೇ ತರಗತಿಯಲ್ಲಿ ಬರೆದದ್ದು ಸರಿ ಇತ್ತು. ಅದನ್ನು ಹೊಡೆದುಹಾಕಿ ತಪ್ಪು ಬರೆದವನು ನಾನು. ಬೇಲೂರಿನಲ್ಲಿ ಕೇಳಿದಾಗ ಇವಳು ನನ್ನ ತಪ್ಪನ್ನು ತನ್ನದೆಂದಳು, ನಾನು ಸುಮ್ಮನಿದ್ದೆ. ಆ ವಾರವೇ ನಿಜ ಗೊತ್ತಾದರೂ ಸುಮ್ಮನಿದ್ದೆ."

ಎಮ್ಮೆಯ ಮುದುಕರು, "ಏನದು ಬರ್ದಿದ್ದು? ತೋರ್ಸಿ ಮತ್ತೆ," ಎಂದರು.

ಹಿಂಡಿ ಮೂಟೆ ಜೋಡಿಸಿಟ್ಟ ಹಿಂದಿನ ಕೋಣೆಯಲ್ಲಿ ಕತ್ತಲಿತ್ತು. ಗಿರಿಜಾ ಬಕೆಟ್ಟು ತಂದಳು. ನಾನು ಕಲ್ಲು ಕೊಟ್ಟೆ. ಸೀರೆಯ ಸೆರಗು ಸಿಕ್ಕಿಸಿ, ಕುಕ್ಕರುಗಾಲಲ್ಲಿ ಕೂತು, ನೀರಿಗೆ ಕೈ ಇಳಿಸಿ ಉಜ್ಜಿದಳು. ನೀರೆಲ್ಲ ಒಮ್ಮೆ ಬೆಳಗಿತು. ಬಾಗಿಲಲ್ಲಿ ಒತ್ತಿ ನಿಂತಿದ್ದ ಹೆಂಗಸರು "ಅಯ್ಯೋ" ಎಂದರು, ಈ ಸಲ ನಾನೂ ಅಂದೆ.

"ಹತ್ತಿ ತರ್ಲಾ ಸಾರ್?" ಎಂದಳು ಗಿರಿಜಾ ಕತ್ತಲೆಯೊಳಗಿಂದ. ಅವಳು ನಗುತ್ತಿದ್ದಳು ಎಂದು ದನಿಯಿಂದ ತಿಳಿಯಿತು. ಪೂರ್ತಿ ಕ್ಷಮಿಸಿದಳೆಂದು ನಾನು ಹೇಳಲಾರೆ. ನೋಡದೆ ಬರೆಯುವ ಅಭ್ಯಾಸ ಈಗ ನನಗಿಲ್ಲ.

ಹಾಳೆಯನ್ನೂ ಕಲ್ಲುಗಳನ್ನೂ ಅವಳಲ್ಲೇ ಬಿಟ್ಟು ಬಂದೆ. ಬಸ್ಸು ಕಾಯುತ್ತ ರಸ್ತೆ ಬದಿಯ ಹೊಲದ ಬದುವಿನಲ್ಲಿ ಬೇರೆ ಎರಡು ಬೆಣಚು ಆರಿಸಿಕೊಂಡೆ.

ಮರುದಿನ ನಾಗರಾಜ ಕೊನೆಯ ಹಲಗೆ ಕೊಯ್ಯುತ್ತಿದ್ದ. ಅದೇ ವಾಸನೆ. "ನಾಗರಾಜ, ನಿನ್ನೆ ನಾನು ಹೇಳಿದ್ದು ಅಳಿಸಿಬಿಡು," ಎಂದೆ. "ಈ ವಾಸನೆ ಯಾಕೆ ಬರುತ್ತೆ ಅಂತ ನನಗೆ ಗೊತ್ತಿಲ್ಲ."

ಅವನು ಮಷೀನು ನಿಲ್ಲಿಸಿದ. "ಮತ್ತೆ ಅಷ್ಟು ಗಟ್ಯಾಗಿ ಹೇಳುದ್ರಲ್ಲ ಸಾರ್?"

"ಅದು ಕೆಂಪು ಪೆನ್ನಿನ ಚಾಳಿ ಕಣಪ್ಪ. ಗೊತ್ತಿರೋದು ಒಂದಿದೆ, ಅದನ್ನು ಬೇಕಾದರೆ ತೋರಿಸ್ತೀನಿ. ಬಕೆಟ್ಟಲ್ಲಿ ನೀರು ತುಂಬಿಕೊಂಡು ಬಚ್ಚಲಿಗೆ ಬಾ."

ಹೆಂಡತಿಯೂ ಕೈ ಒರೆಸಿಕೊಳ್ಳುತ್ತ ಬಂದಳು. ಮೂವರೂ ಒಳಗೆ ನಿಂತು ಬಾಗಿಲು ಹಾಕಿದೆವು. ಕಲ್ಲು ಉಜ್ಜುವ ಮೊದಲು ನಾನು, ಇದನ್ನು ನನಗೆ ಕಲಿಸಿದವಳು ಹುಲಿಕೆರೆ ಸಣ್ಣಮ್ಮನ ಮಗಳು ಗಿರಿಜಾ ಎಂದು ಹೇಳಿದೆ.